ನಿಮ್ಮ ಹಾಜರಿ ನೀವೇ ಬರೆದಿಡಿ

"ಪಾರ್ಟ್‌ಟೈಮ್ ತಾನೇ, ನಿನಗ್ಯಾಕಪ್ಪಾ ರೂಲ್ಸು?" ಮಾಲೀಕರು ಕೆಲಸದ ಹುಡುಗರಿಗೆ ಹೀಗೆನ್ನುವುದನ್ನು ನಾನು ಸಾಕಷ್ಟು ಕೇಳಿದ್ದೇನೆ. ಕೇಳಿಸುವ ಜಾಗದಲ್ಲೇ ಕೂತಿದ್ದವನು ನಾನು. ಬಟ್ಟೆ ಅಂಗಡಿ, ಮೆಡಿಕಲ್ ಶಾಪು, ಹೋಟೆಲು ಅಂತ ಊರಿನ ಹತ್ತಾರು ಕಡೆ ಸಂಬಳದ ಪುಸ್ತಕ ಬರೆದೇ ತಲೆ ಬೆಳ್ಳಗಾಯಿತು. ಕಾಲೇಜು ಮುಗಿಸಿ ಸಂಜೆ ಕೆಲಸಕ್ಕೆ ಓಡುವ ನಿಮಗೆ ಗಲ್ಲಾಪೆಟ್ಟಿಗೆಯ ಆಚೆ ಬದಿಯಿಂದ ಒಂದಷ್ಟು ಹೇಳಬೇಕೆನಿಸಿದೆ.

ದಿನಕ್ಕೆ ನಾಲ್ಕೇ ಗಂಟೆ ದುಡಿದರೂ ಕಾನೂನಿನ ಕಣ್ಣಿಗೆ ನೀವು ನೌಕರರೇ. ಗಂಟೆ ಕಡಿಮೆಯಾದಷ್ಟು ಸಂಬಳ ಇಳಿಯಬಹುದು, ಹಕ್ಕು ಇಳಿಯುವುದಿಲ್ಲ. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆ 1961ರಷ್ಟು ಹಳೆಯದು. ವಾರಕ್ಕೊಂದು ರಜೆ, ಮಿತಿ ಮೀರಿದ ದುಡಿಮೆಗೆ ದುಪ್ಪಟ್ಟು ಕೂಲಿ, ಸೇರಿದ 30 ದಿನದೊಳಗೆ ನೇಮಕಾತಿ ಪತ್ರ ಎಲ್ಲ ಅದರಲ್ಲೇ ಇದೆ. ಈಗ 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ವೇತನ ಸಂಹಿತೆಯ ಪ್ರಕಾರ ಕನಿಷ್ಠ ವೇತನ ಇಂತಿಂಥ ಉದ್ಯೋಗಕ್ಕೆ ಮಾತ್ರ ಎಂಬ ಹಳೆಯ ಪಟ್ಟಿಯ ಕಟ್ಟಳೆ ಇಲ್ಲ, ಎಲ್ಲರಿಗೂ ಅನ್ವಯ. ತಿಂಗಳ ಸಂಬಳ ಮುಂದಿನ ತಿಂಗಳ 7ನೇ ತಾರೀಕಿನೊಳಗೆ ಕೈಸೇರಬೇಕು. "ಹತ್ತಕ್ಕೆ ಬಾ, ಹದಿನೈದಕ್ಕೆ ನೋಡೋಣ" ಅನ್ನುವುದು ಮಾಲೀಕರು ಮಾಡಿಕೊಂಡ ಪದ್ಧತಿ, ಅಷ್ಟೆ.

ಆದರೆ ಕಾನೂನು ತಾನಾಗಿ ಬಂದು ಅಂಗಡಿ ಮೆಟ್ಟಿಲು ಹತ್ತುವುದಿಲ್ಲ. ದುಡ್ಡು ಕೊಡಲಿಲ್ಲ ಅಂತ ದೂರು ಹೊತ್ತು ಹೋದರೆ ಕಾರ್ಮಿಕ ಇಲಾಖೆಯವರು ಕೇಳುವ ಮೊದಲ ಮಾತು, "ಅಲ್ಲಿ ಕೆಲಸ ಮಾಡಿದ್ದಕ್ಕೆ ಏನಿದೆ ನಿನ್ನ ಹತ್ತಿರ?" ಹುಡುಗರು ಬೆಬ್ಬೆಬ್ಬೆ ಅನ್ನುವುದು ಇಲ್ಲೇ. ಸಂಬಳ ಕೈಗೆ ಕೊಟ್ಟಿದ್ದು, ಪತ್ರ ಕೊಟ್ಟಿಲ್ಲ, ಹಾಜರಿ ಪುಸ್ತಕದಲ್ಲಿ ಹೆಸರೇ ಇಲ್ಲ. ನಾನು ಬರೆದ ಎಷ್ಟೋ ಪುಸ್ತಕಗಳಲ್ಲಿ ಸಂಜೆ ಹುಡುಗರ ಹೆಸರು ಇರುತ್ತಲೇ ಇರಲಿಲ್ಲ. ಅವರ ಕೂಲಿಯನ್ನು "ಇತರೆ ಖರ್ಚು" ತಲೆಬರಹದ ಕೆಳಗೆ, ಕಾಫಿ ಟೀ ಜೊತೆ ಸೇರಿಸಿಬಿಡಿ ಅನ್ನುತ್ತಿದ್ದರು.

ಅದಕ್ಕೇ ಹೇಳುವುದು, ಒಂದು ನೋಟ್‌ಬುಕ್ ಇಡಿ. ತಾರೀಕು, ಹೋದ ಹೊತ್ತು, ಬಂದ ಹೊತ್ತು, ಕೆಲಸ ಹೇಳಿದವರು ಯಾರು, ಬಂದ ದುಡ್ಡೆಷ್ಟು. ದಿನಾ ಎರಡು ಸಾಲು ಸಾಕು. ವಾಟ್ಸಾಪಿನಲ್ಲಿ "ನಾಳೆ ಆರಕ್ಕೆ ಬಾ" ಅಂತ ಬಂದ ಮೆಸೇಜು ಅಳಿಸಬೇಡಿ. ಸಂಬಳವನ್ನು ಫೋನ್‌ಪೇಯೋ ಗೂಗಲ್‌ಪೇಯೋ ಮಾಡಿಸಿಕೊಳ್ಳಿ. "ಅಪ್ಪ ಕೇಳ್ತಾರೆ ಸರ್, ಅಕೌಂಟಿಗೇ ಹಾಕಿ" ಅಂದರೆ ಯಾರೂ ಮುಖ ಗಂಟು ಹಾಕುವುದಿಲ್ಲ. ನೆಟ್ಟಗಿರುವ ಮಾಲೀಕನಿಗಂತೂ ಇದರಿಂದ ಬೇಜಾರಾಗುವುದೇ ಇಲ್ಲ.

ಸಹಿಯ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಅದು ನನ್ನ ಕಸುಬಿನದು. ಸಂಬಳದ ದಿನ ವೋಚರ್ ಮುಂದಿಡುತ್ತಾರೆ. ಒಂದು ರೂಪಾಯಿಯ ರೆವಿನ್ಯೂ ಸ್ಟಾಂಪು ಅಂಟಿಸಿರುತ್ತದೆ, ಮೊತ್ತದ ಜಾಗ ಖಾಲಿ. "ಸೈನ್ ಹಾಕಿ ಹೋಗು, ಆಮೇಲೆ ತುಂಬಿಸ್ತಾರೆ." ನಿಮಗೆ ಕೊಟ್ಟದ್ದು ಆರು ಸಾವಿರ, ಆಮೇಲೆ ತುಂಬುವುದು ಕಾನೂನಿಗೆ ಸರಿಹೋಗುವಷ್ಟು. ಮುಂದೊಂದು ದಿನ ಕನಿಷ್ಠ ವೇತನ ಸಿಕ್ಕಿಲ್ಲ ಎಂದು ನೀವು ಕೂಗಿದರೆ ನಿಮ್ಮದೇ ಸಹಿ ನಿಮ್ಮ ಬಾಯಿ ಮುಚ್ಚಿಸುತ್ತದೆ. ಮೊತ್ತವನ್ನು ಅಂಕಿ ಅಕ್ಷರ ಎರಡರಲ್ಲೂ ಬರೆದ ಮೇಲೆಯೇ ಪೆನ್ನು ಹಿಡಿಯಿರಿ. ಸಾಧ್ಯವಾದರೆ ಫೋನಿನಲ್ಲಿ ಒಂದು ಫೋಟೊ. ಹಾಗೆಯೇ ಎಸ್ಸೆಸ್ಸೆಲ್ಸಿ, ಪಿಯುಸಿ ಮಾರ್ಕ್ಸ್ ಕಾರ್ಡಿನ ಒರಿಜಿನಲ್ ಯಾರು ಕೇಳಿದರೂ ಕೊಡಬೇಡಿ, ಜೆರಾಕ್ಸ್ ಸಾಕು. ಒರಿಜಿನಲ್ ಒಳಗಿಟ್ಟುಕೊಂಡವರು ಸಂಬಳ ತಡಮಾಡಿದರೆ ನೀವು ದನಿ ಎತ್ತುವ ಹಾಗಿಲ್ಲ.

ಸೂಪರ್‌ಮಾರ್ಕೆಟಿನ ಕ್ಯಾಶ್ ಕೌಂಟರು ಇನ್ನೊಂದು ಗುಂಡಿ. ರಾತ್ರಿ ಹತ್ತಕ್ಕೆ ಲೆಕ್ಕ ಹಾಕಿದಾಗ 340 ರೂಪಾಯಿ ಶಾರ್ಟ್. ಬೆಳಿಗ್ಗೆಯಿಂದ ಅದೇ ಲಾಗಿನ್‌ನಲ್ಲಿ ಮೂವರು ಬಿಲ್ ಹಾಕಿರುತ್ತಾರೆ. ಕೊನೆಗೆ ಕೌಂಟರಿನಲ್ಲಿ ನಿಂತವನು ಕಾಲೇಜು ಹುಡುಗ, ಅವನ ಸಂಬಳದಲ್ಲಿ ಕಟ್. ಇದು ಹೀಗೆ ನಡೆಯುವಂತಿಲ್ಲ. ನಿಮ್ಮ ವಶಕ್ಕೇ ಒಪ್ಪಿಸಿದ ಹಣ, ನಿಮ್ಮದೇ ಅಜಾಗರೂಕತೆಯಿಂದ ಹೋಗಿದ್ದರೆ ಮಾತ್ರ ಹಿಡಿಯಬಹುದು. ಅದಕ್ಕೂ ಮುಂಚೆ ನಿಮ್ಮ ಮಾತು ಕೇಳಬೇಕು. ತಡವಾಗಿ ಬಂದೆ, ಯೂನಿಫಾರ್ಮ್ ಹಾಕಲಿಲ್ಲ ಎಂದು ದಂಡ ಹಾಕುವುದಾದರೂ ಆ ಅವಧಿಯ ಸಂಬಳದ ಶೇ 3 ಮೀರುವಂತಿಲ್ಲ. ಐದು ಸಾವಿರದ ಸಂಬಳಕ್ಕೆ ಅದು 150 ರೂಪಾಯಿ. ಹತ್ತು ನಿಮಿಷ ತಡಕ್ಕೆ ಅರ್ಧ ದಿನದ ಕೂಲಿ ಎಂಬ ಅಂಗಡಿಗಳನ್ನು ನೋಡಿದ್ದೇನೆ, ಅದಕ್ಕೆ ಬುಡವೇ ಇಲ್ಲ. ಕೌಂಟರಿಗೆ ಕೂರುವ ಮುಂಚೆ ಡ್ರಾಯರಿನ ದುಡ್ಡು ಎಣಿಸಿ, ಎಷ್ಟಿತ್ತೆಂದು ಮೇಲ್ವಿಚಾರಕರಿಗೆ ಮೆಸೇಜ್ ಹಾಕಿ.

ಇನ್ನು ಕೇಟರಿಂಗ್. ಮಂಗಳೂರು, ಪುತ್ತೂರು, ಉಡುಪಿ ಕಡೆ ಮದುವೆ ಸೀಸನ್ ಬಂತೆಂದರೆ ಭಾನುವಾರ ಕಾಲೇಜು ಹುಡುಗರೆಲ್ಲ ಬಿಳಿ ಅಂಗಿ, ಕಪ್ಪು ಪ್ಯಾಂಟು ಹಾಕಿಕೊಂಡು ಹಾಲ್‌ಗಳಲ್ಲೇ ಇರುತ್ತಾರೆ. ಬಡಿಸುವುದಕ್ಕೆ ಅಂತ ಕರೆದಿರುತ್ತಾರೆ. ಮುಂಜಾನೆ ಐದೂವರೆಗೆ ವ್ಯಾನ್ ಹತ್ತಿದವನು ಮೂರು ಪಂಕ್ತಿ ಬಡಿಸಿ, ಟೇಬಲ್ ಒರೆಸಿ, ಕೊಪ್ಪರಿಗೆ ತೊಳೆದು ಲಾರಿಗೆ ಹೇರುವಷ್ಟರಲ್ಲಿ ಸಂಜೆ ಐದು. ಮಾತಾಡಿದ್ದು ಬಡಿಸುವ ಕೂಲಿ, ಮಾಡಿದ್ದು ಹನ್ನೊಂದೂವರೆ ಗಂಟೆ. ಅಂಗಡಿ, ಹೋಟೆಲುಗಳಿಗೆ ಕಾಯಿದೆ ಹಾಕಿದ ಮಿತಿ ದಿನಕ್ಕೆ 9 ಗಂಟೆ, ವಾರಕ್ಕೆ 48. ವ್ಯಾನ್ ಹತ್ತುವ ಮುಂಚೆಯೇ ಕೇಳಿ: ಎಷ್ಟು ಹೊತ್ತಿನ ತನಕ? ಪಾತ್ರೆ ನಮ್ಮದಾ? ದುಡ್ಡು ಇವತ್ತೇನಾ? ಕೇಳುವುದು ಒರಟುತನ ಅಂದುಕೊಳ್ಳಬೇಡಿ. ಮದುವೆ ಮನೆಯವರು ಪ್ಲೇಟಿಗೆ ಇಷ್ಟೆಂದು ಮೊದಲೇ ಮಾತಾಡಿ ಅಡ್ವಾನ್ಸ್ ಕೊಟ್ಟಿರುತ್ತಾರೆ. ಲೆಕ್ಕವಿಲ್ಲದ್ದು ನಿಮಗೆ ಮಾತ್ರ.

ಆ ವ್ಯಾನಿನಲ್ಲಿ ಮೊದಲನೇ ಪಿಯುಸಿ ಹುಡುಗರೂ ಇರುತ್ತಾರೆ, ಅವರನ್ನು ನೋಡಿದರೆ ನನಗೆ ಕಸಿವಿಸಿ. 14 ತುಂಬಿ 18 ಆಗದವರನ್ನು ಅಪಾಯವಿಲ್ಲದ ಕೆಲಸಕ್ಕೆ ಇಟ್ಟುಕೊಳ್ಳಬಹುದು, ನಿಜ. ಆದರೆ ರಾತ್ರಿ 7ರಿಂದ ಬೆಳಿಗ್ಗೆ 8ರ ತನಕ ಮುಟ್ಟಿಸುವಂತಿಲ್ಲ, ಮೂರು ಗಂಟೆಗೊಮ್ಮೆ ಒಂದು ಗಂಟೆ ಬಿಡುವು ಕೊಡಬೇಕು, ಬಿಡುವೂ ಸೇರಿ ದಿನಕ್ಕೆ ಆರು ಗಂಟೆ ಮೀರಬಾರದು, ಓವರ್‌ಟೈಮ್ ಎಂಬುದೇ ಇಲ್ಲ. ವಯಸ್ಸು ಹೆಚ್ಚಿಸಿ ಹೇಳಿ ಕೆಲಸ ಹಿಡಿಯಬೇಡಿ ಮಕ್ಕಳೇ. ಬಿಸಿ ಸಾಂಬಾರು ಮೈಮೇಲೆ ಬಿದ್ದ ದಿನ ಆ ಸುಳ್ಳು ನಿಮಗೇ ತಿರುಗಿ ನಿಲ್ಲುತ್ತದೆ.

ಗಾಯದ ಮಾತು ಬಂತಲ್ಲ, ಇಎಸ್‌ಐ (ನೌಕರರ ರಾಜ್ಯ ವಿಮೆ) ಕೇಳಿ. ಹತ್ತು ಅಥವಾ ಅದಕ್ಕಿಂತ ಹೆಚ್ಚು ಕೆಲಸದವರಿರುವ ಅಂಗಡಿ, ಶೋರೂಮುಗಳಲ್ಲಿ 21,000 ರೂಪಾಯಿ ತನಕದ ಸಂಬಳದವರಿಗೆ ಅದು ಇರಬೇಕು. ಎಂಟು ಸಾವಿರ ಸಂಬಳವಾದರೆ ನಿಮ್ಮ ಪಾಲು 60 ರೂಪಾಯಿ, ಮಾಲೀಕರದು 260. "ಸಂಬಳದಲ್ಲಿ ಹಿಡೀತಾರಲ್ಲ" ಅಂತ ಹುಡುಗರೇ ಬೇಡವೆನ್ನುವುದುಂಟು. ಅರವತ್ತು ರೂಪಾಯಿಗೆ ಕೈ ಮುರಿದ ದಿನದ ಆಸ್ಪತ್ರೆ ಖರ್ಚು ತೂಗಿ ನೋಡಿ.

ಬೈಕ್ ಹತ್ತಿ ಊಟದ ಪಾರ್ಸೆಲ್ ಮುಟ್ಟಿಸುವವರು ನನ್ನ ಕಾಲದಲ್ಲಿ ಇರಲಿಲ್ಲ. ಆ ಕೆಲಸ ಮಾಡುವ ನಿಮ್ಮನ್ನು ನೌಕರರೆಂದು ಆ್ಯಪ್ ಕಂಪನಿಗಳು ಒಪ್ಪುವುದಿಲ್ಲ, ಪಾರ್ಟ್ನರ್ ಅನ್ನುತ್ತವೆ. ಆದರೆ 2025ರಲ್ಲಿ ಕರ್ನಾಟಕ ಗಿಗ್ ಕಾರ್ಮಿಕರಿಗೇ ಒಂದು ಕಾಯಿದೆ ಮಾಡಿದೆ. ಪ್ರತಿ ವ್ಯವಹಾರದಲ್ಲಿ ನಿಮಗೆ ಸಿಗುವ ಮೊತ್ತದ ಶೇ 1ರಿಂದ 5ರಷ್ಟು ಕಲ್ಯಾಣ ಶುಲ್ಕವನ್ನು ಕಂಪನಿಯೇ ಕಟ್ಟಬೇಕು, ಏಕಾಏಕಿ ಐಡಿ ಬ್ಲಾಕ್ ಮಾಡದೆ ಕಾರಣ ಬರೆದು 14 ದಿನದ ನೋಟಿಸ್ ಕೊಡಬೇಕು. ಐಡಿ ಬ್ಲಾಕಾದ ಮೇಲೆ ಆ್ಯಪ್ ತೆರೆಯುವುದೇ ಇಲ್ಲ, ಆದ್ದರಿಂದ ವಾರಕ್ಕೊಮ್ಮೆ ಗಳಿಕೆಯ ಪುಟದ ಸ್ಕ್ರೀನ್‌ಶಾಟ್ ತೆಗೆಯಿರಿ.

ಹೆಣ್ಣುಮಕ್ಕಳಿಗೆ ಇದೊಂದು ಗೊತ್ತಿರಲಿ. ಕೆಲಸದ ಜಾಗದ ಲೈಂಗಿಕ ಕಿರುಕುಳದ ವಿರುದ್ಧದ 2013ರ ಕಾಯಿದೆ ಟ್ರೈನಿ, ದಿನಗೂಲಿ, ತಾತ್ಕಾಲಿಕ ಎಲ್ಲರಿಗೂ ಅನ್ವಯ. ದೂರು ಕೊಡಲು ಮೂರು ತಿಂಗಳ ಗಡುವು. ಹತ್ತು ಜನರಿಲ್ಲದ ಚಿಕ್ಕ ಅಂಗಡಿಯಾದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ಕೊಡಬಹುದು.

ಎಲ್ಲದಕ್ಕೂ ಜಗಳಕ್ಕೆ ಹೋಗಿ ಅನ್ನುವವನಲ್ಲ ನಾನು. ಸಣ್ಣ ಅಂಗಡಿಯವನೂ ಬಾಡಿಗೆ, ಬಡ್ಡಿ ಅಂತ ಒದ್ದಾಡುತ್ತಿರುತ್ತಾನೆ. ಒಂದು ತಿಂಗಳು ನಾಲ್ಕು ದಿನ ತಡವಾದರೆ ತಾಳಿಕೊಳ್ಳಬಹುದು. ದುಡಿದ ದುಡ್ಡನ್ನೇ ಕೊಡುವುದಿಲ್ಲ ಎಂದರೆ ಮಾತ್ರ ಬಿಡಬೇಡಿ. ಕಾರ್ಮಿಕ ಸಹಾಯವಾಣಿ 155214 ಇದೆ. ಉಚಿತ ಕಾನೂನು ನೆರವಿಗೆ 15100. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ನೋಡದೆ ನೆರವು ಸಿಗುತ್ತದೆ. ಬಾಕಿ ಕೇಳಲು ಹೊಸ ಸಂಹಿತೆಯಲ್ಲಿ ಮೂರು ವರ್ಷದ ಅವಕಾಶವಿದೆ, ಡಿಗ್ರಿ ಮುಗಿಸಿಯೂ ಕೇಳಬಹುದು.

ಇನ್ನು ಕೆಲಸ ಬಿಡುವ ಬಗೆ. ಪರೀಕ್ಷೆ ಬಂತೆಂದು ಹೇಳದೆ ಕೇಳದೆ ನಿಲ್ಲಿಸಿಬಿಡುವ ಹುಡುಗರೇ ಹೆಚ್ಚು. ಕೊನೆಯ ಹದಿನೈದು ದಿನದ ದುಡ್ಡು ಮುಳುಗುವುದೂ ಅವರದೇ. ಬಿಟ್ಟವರ ಲೆಕ್ಕ ಎರಡು ಕೆಲಸದ ದಿನದೊಳಗೆ ಚುಕ್ತಾ ಆಗಬೇಕೆಂದು ಈಗ ಕಾನೂನಿದೆ, ಆದರೆ ಬಿಟ್ಟದ್ದು ಯಾವತ್ತು ಎಂಬುದಕ್ಕೆ ಗುರುತು ಬೇಕಲ್ಲ. ಬಿಡುವ ಮೊದಲೇ ಒಂದು ಮೆಸೇಜ್ ಹಾಕಿ: "ಸರ್, 12ರಿಂದ ಸೆಮಿಸ್ಟರ್ ಪರೀಕ್ಷೆ. 5ನೇ ತಾರೀಕು ನನ್ನ ಕೊನೆಯ ದಿನ. ಹೋದ ತಿಂಗಳ ಬಾಕಿ, ಈ ತಿಂಗಳ ಐದು ದಿನ ಸೇರಿಸಿ 7ರೊಳಗೆ ಅಕೌಂಟಿಗೆ ಹಾಕಿ." ನೀಲಿ ಟಿಕ್ ಬಂತೇ ನೋಡಿ, ಸ್ಕ್ರೀನ್‌ಶಾಟ್ ತೆಗೆದಿಟ್ಟು ಓದಲು ಕೂತುಕೊಳ್ಳಿ.