ಭುಜ ಮಾಗಲಿ, ಆಮೇಲೆ ಬೆಟ್ಟ

ಅರವತ್ತು ದಾಟಿದರೂ ಬೆಳಗಿನ ಜಾವ ಕಳವಾರ ದುರ್ಗ, ಅಂದರೆ ನಮ್ಮ ಸ್ಕಂದಗಿರಿ, ಹತ್ತುವ ಹುಮ್ಮಸ್ಸಿನವರಿಗೆ ಭುಜದ ಹರಿದ ಸ್ನಾಯುರಜ್ಜು ಹೊಲಿಯುವ ಶಸ್ತ್ರಚಿಕಿತ್ಸೆಯ ನಂತರದ ತಿಂಗಳುಗಳು ಸೆರೆವಾಸದಂತೆ ಅನ್ನಿಸುವುದು ಸಹಜ. ಆದರೆ ಕಾಲು ಗಟ್ಟಿಯಾಗಿದೆಯಲ್ಲ, ಹೊರಟೇಬಿಡೋಣ ಎಂಬ ಲೆಕ್ಕ ಹಾಕಬೇಡಿ. ಆ ದಾರಿಯ ಕಡಿದಾದ ಕಡೆಗಳಲ್ಲಿ ಬಂಡೆಗೆ ಕೈ ಊರಬೇಕಾಗುತ್ತದೆ. ಮಂಜಿಗೆ ಒದ್ದೆಯಾದ ಕಲ್ಲಿನ ಮೇಲೆ ಜಾರಿದರೆ ಮೊದಲು ಚಾಚುವುದು ಕೈಯನ್ನೇ. ಹೊಲಿದ ಸ್ನಾಯುರಜ್ಜು ಮತ್ತೆ ಹರಿಯಲು ಅಷ್ಟು ಸಾಕು. ಇಳಿಯುವಾಗಲಂತೂ ಇನ್ನೂ ಎಚ್ಚರ ಬೇಕು.

ನೋವು ಹೋದ ಮಾತ್ರಕ್ಕೆ ಒಳಗೆ ವಾಸಿಯಾಯಿತು ಎಂದಲ್ಲ. ರಜ್ಜು ಮೂಳೆಗೆ ಬೆಸೆಯಲು ತಿಂಗಳುಗಳೇ ಬೇಕು. ಸಕ್ಕರೆ ಕಾಯಿಲೆ ಇದ್ದವರಿಗೆ, ಬೀಡಿ ಸಿಗರೇಟು ಬಿಡದವರಿಗೆ ಇನ್ನೂ ನಿಧಾನ. ಸಾಮಾನ್ಯವಾಗಿ ಮೊದಲ 4ರಿಂದ 6 ವಾರ ಕೈ ಸ್ಲಿಂಗ್‌ನಲ್ಲೇ ಇರುತ್ತದೆ. ಭುಜದ ವ್ಯಾಯಾಮ ಫಿಸಿಯೋಥೆರಪಿಸ್ಟ್ ಹೇಳಿದಷ್ಟೇ ಮಾಡಿ. ಪಕ್ಕದ ಮನೆಯವರ ಸಲಹೆಗೆ ನಕ್ಕು ಸುಮ್ಮನಾಗಿ. ನಿಜವಾದ ಕಷ್ಟ ರಾತ್ರಿಯದು. ಬೆನ್ನಿಗೆ ದಿಂಬು ಪೇರಿಸಿ ಒರಗಿ ಮಲಗಿ, ಮೊಣಕೈ ಕೆಳಗೂ ಒಂದಿರಲಿ.

ಕಾಲಿಗೆ ರಜೆ ಬೇಡ. ವೈದ್ಯರು ಒಪ್ಪಿದ ಮೇಲೆ ಸಮತಟ್ಟು ರಸ್ತೆಯಲ್ಲಿ ನಡೆಯಿರಿ. ಬೆಟ್ಟದ ಗಾಳಿಯೇ ಬೇಕೆಂದರೆ ಎದುರಿನ ನಂದಿಗೆ ಕಾರಿನಲ್ಲೇ ಹೋಗಬಹುದು. ಸ್ಟೇರಿಂಗ್ ಮಗನ ಕೈಯಲ್ಲಿರಲಿ.

ಮುಂದೆ ಸ್ಕಂದಗಿರಿಗೆ ಮರಳಿದಾಗ ನೀರು, ತಿಂಡಿಯನ್ನು ಸೊಂಟದ ಚೀಲಕ್ಕೆ ಹಾಕಿ, ಹೆಗಲಿಗೆ ಬೇಡ. ಜೊತೆಗಾರರಿಗೆ ಹೊರಡುವ ಮುಂಚೆಯೇ ಹೇಳಿಡಿ: ಬಂಡೆ ಹತ್ತಿಸಲು ಪ್ರೀತಿಯಿಂದ ಎಳೆಯುವವರು ಆಪರೇಷನ್ ಆದ ಕೈಯನ್ನೇ ಹಿಡಿದುಬಿಡುತ್ತಾರೆ.