ಮಣ್ಣಿಗೆ ಆತುರ ಆಗದು

ಮಗಾ, ಧನುರ್ಮಾಸದ ಚಳಿಗೆ ಅಂಗಳದಲ್ಲೊಂದು ಮಣ್ಣಿನ ಅಗ್ಗಿಷ್ಟಿಕೆ ಇಡಬೇಕು ಅಂತಿದ್ದೀಯ. ಇಡು, ಒಳ್ಳೇದೇ. ನಮ್ಮ ತಿಪ್ಪಸಂದ್ರದ ಕಡೆ ಸೌದೆಗೇನು ಬರ? ರೇಷ್ಮೆ ಹುಳಕ್ಕೆ ಸೊಪ್ಪು ಹಾಕಿ ಉಳಿದ ಹಿಪ್ಪುನೇರಳೆ ಕಡ್ಡಿ, ಒಂದಿಷ್ಟು ತೆಂಗಿನ ಚಿಪ್ಪು ಇದ್ದರೆ ಸಾಕು. ಆದರೆ ಮಣ್ಣಿಗೆ ಆತುರ ಆಗದು. ಈ ಒಂದು ಮಾತು ನೆನಪಿರಲಿ.

ಕೊಳ್ಳುವಾಗ ಮೇಲಿನ ಬಣ್ಣ, ಹೂಬಳ್ಳಿ ನೋಡಿ ಮರುಳಾಗಬೇಡ. ಬೆರಳಗಿಣ್ಣಿನಿಂದ ಸುತ್ತಲೂ ತಟ್ಟು. ಠಣ್ ಅಂದರೆ ಹದವಾಗಿ ಬೆಂದಿದೆ. ಎಲ್ಲಾದರೂ ಡಬ್ ಅಂದರೆ ಅಲ್ಲಿ ಕಾಣದ ಬಿರುಕಿರಬಹುದು, ಬಿಟ್ಟುಬಿಡು. ಒಳಗೆ ಕೈ ಹಾಕಿ ಸವರಿ ನೋಡು. ಗೋಡೆ ಒಂದೇ ದಪ್ಪ ಇರಬೇಕು. ಒಂದು ಕಡೆ ತೆಳು, ಇನ್ನೊಂದು ಕಡೆ ದಪ್ಪ ಇದ್ದರೆ ಬಿಸಿಗೆ ಎರಡೂ ಒಂದೇ ಸಮ ಹಿಗ್ಗುವುದಿಲ್ಲ, ನಡುವೆ ಸೀಳು ಬಿಡುತ್ತೆ.

ಬೂದಿ ಉದುರಲು ಜಾಲರಿ, ಅದರ ಕೆಳಗೆ ಗಾಳಿಗಂಡಿ ಇರುವುದನ್ನೇ ಆರಿಸು. ಗಾಳಿ ಕೆಂಡದ ಅಡಿಯಿಂದ ನುಗ್ಗಿದರೆ ಉರಿ ಚೆನ್ನಾಗಿ ಏಳುತ್ತೆ, ಹೊಗೆ ಕಡಿಮೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು 1974ರಲ್ಲಿ ಕಟ್ಟಿದ ‘ಅಸ್ತ್ರ’ ಬಳಗದವರ ಒಲೆಯಲ್ಲೂ ಇದೇ ಜಾಲರಿಯ ಉಪಾಯ, ಮೇಲೊಂದು ಹೊಗೆ ಕೊಳವೆ. ನಮ್ಮ ಪಕ್ಕದ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲೇ ಆ ಬಳಗದ ಕೇಂದ್ರವಿತ್ತು.

ತಂದ ದಿನವೇ ಧಗಧಗ ಉರಿಸಬೇಡ. ಒಣಗಿದಂತೆ ಕಂಡರೂ ಗೋಡೆಯೊಳಗೆ ತೇವ ಅಡಗಿರುತ್ತೆ. ನೀರು ಆವಿಯಾದರೆ ಸುಮಾರು 1,600 ಪಟ್ಟು ಹಿಗ್ಗುತ್ತೆ. ಹೊರಬರಲು ದಾರಿ ಸಿಗದಿದ್ದರೆ ಮಣ್ಣನ್ನೇ ಚಕ್ಕೆ ಎಬ್ಬಿಸುತ್ತೆ. ಅದಕ್ಕೇ ಮೊದಲು ನಾಲ್ಕು ದಿನ ಬಿಸಿಲಿಗಿಡು. ಆಮೇಲೆ ತೆಂಗಿನ ನಾರು, ಸಣ್ಣ ಪುಳ್ಳೆಯಲ್ಲಿ ಪುಟ್ಟ ಉರಿ ಹಾಕಿ, ಅದು ತಾನಾಗಿ ಆರುವವರೆಗೆ ಬಿಡು. ಹೀಗೆ ಎರಡು ಮೂರು ಸಲ ಆದಮೇಲೆ ದೊಡ್ಡ ಸೌದೆ. ಜಾಲರಿ ಇಲ್ಲದ್ದಾದರೆ ತಳಕ್ಕೆ ಮೂರು ಬೆರಳು ಮರಳು ಹಾಸು. ಎದ್ದು ಹೋಗುವ ಅವಸರಕ್ಕೆ ಕೆಂಡದ ಮೇಲೆ ನೀರು ಸುರಿದೆಯೋ, ಅಗ್ಗಿಷ್ಟಿಕೆ ಅವತ್ತೇ ಎರಡು ಹೋಳು.

ನೆಲದ ಮೇಲೆ ನೇರವಾಗಿ ಇಡಬೇಡ, ಕೆಳಗೆ ಚಪ್ಪಡಿ ಇಲ್ಲವೇ ಇಟ್ಟಿಗೆ ಇರಲಿ. ಆರಿದ ಬೂದಿಯನ್ನು ಆಗಾಗ ತೆಗೆ. ಅದು ತೇವ ಹೀರಿ ತಳವನ್ನು ಮೆತ್ತಗೆ ಮಾಡುತ್ತೆ. ತೆಗೆದ ಬೂದಿ ತೆಂಗಿನ ಬುಡಕ್ಕಾಯಿತು. ಮಳೆಗಾಲದಲ್ಲಿ ಸೂರಿನಡಿ ಸರಿಸಿ ಗೋಣಿಚೀಲ ಹೊದಿಸು. ಪ್ಲಾಸ್ಟಿಕ್ ಹೊದಿಸಿದರೆ ಒಳಗಿನ ತೇವ ಒಳಗೇ ಉಳಿಯುತ್ತೆ. ಸಣ್ಣ ಬಿರುಕು ಬಿಟ್ಟರೆ ಹುತ್ತದ ಮಣ್ಣಿಗೆ ರಾಗಿ ಹೊಟ್ಟು, ಸಗಣಿ ಕಲಸಿ, ಬಿರುಕನ್ನು ಒದ್ದೆ ಮಾಡಿ ಮೆತ್ತು. ನೆರಳಲ್ಲೇ ಒಣಗಲಿ. ಬಿಸಿಲಿಗಿಟ್ಟರೆ ಮೆತ್ತಿದ್ದೇ ಬಿರಿಯುತ್ತೆ.

ಕಡೆಯದಾಗಿ ಒಂದು. ಹಿಂದೆ ಬಾಣಂತಿ ಕೋಣೆಗೆ ಕೆಂಡದ ಅಗ್ಗಿಷ್ಟಿಕೆ ಒಯ್ಯುತ್ತಿದ್ದರು. ಅವು ಹೆಂಚಿನ ಮನೆ, ಸಂದುಗೊಂದಿಯಲ್ಲಿ ಗಾಳಿ ಆಡುತ್ತಿತ್ತು. ಆಗಲೂ ಅದು ಅಪಾಯವೇ. ನಿನ್ನದು ಆರ್‌ಸಿಸಿ ಮನೆ, ಗಾಜಿನ ಕಿಟಕಿ. ಕೆಂಡದಿಂದ ಬರುವ ಕಾರ್ಬನ್ ಮಾನಾಕ್ಸೈಡ್ ಅನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಮಲಗಿದವರು ಏಳುವುದೇ ಇಲ್ಲ. ಹೊಗೆ ನಿಂತಿತಲ್ಲ, ಇನ್ನು ಒಳಗಿಟ್ಟರೇನು ಅಂತ ಯಾರಾದರೂ ಅಂದಾರು. ಅಜ್ಜಿಯೇ ಹೇಳಿದರೂ ಕೇಳಬೇಡ. ಕೂಸಿಗೆ, ಬಾಣಂತಿಗೆ ಇನ್ನೊಂದು ಕಂಬಳಿ ಹೊದಿಸು. ಅಗ್ಗಿಷ್ಟಿಕೆ ಮಾತ್ರ ಹೊಸ್ತಿಲು ದಾಟಕೂಡದು.