ಡಯಲ್ ಹೇಳಿದ್ದು, ತುದಿಗೆ ತಲುಪಿದ್ದು

ನನ್ನ ನೌಕರಿಯ ಬಹುಪಾಲು ಎಲೆಕ್ಟ್ರಾನಿಕ್ಸ್ ಲ್ಯಾಬುಗಳಲ್ಲೇ ಕಳೆಯಿತು. ಮೊದಲು ಮಳವಳ್ಳಿ, ಆಮೇಲೆ ಮಂಡ್ಯ. ಅದಕ್ಕೂ ಮುಂಚೆ ಡಿಪ್ಲೊಮಾ ಓದುವಾಗ ರಜೆ ಬಂತೆಂದರೆ ಮದ್ದೂರಿನ ಒಂದು ರೇಡಿಯೊ ರಿಪೇರಿ ಅಂಗಡಿಯಲ್ಲಿ ಕೂರುತ್ತಿದ್ದೆ. ಮೂರು ಊರಿನಲ್ಲೂ ನನ್ನ ಎದುರಿಗೆ ಇರುತ್ತಿದ್ದದ್ದು ಸಿಗ್ನಲ್ ಜನರೇಟರ್. ಗೊತ್ತಿರುವ ಫ್ರೀಕ್ವೆನ್ಸಿ, ಗೊತ್ತಿರುವ ವೋಲ್ಟೇಜು, ಗೊತ್ತಿರುವ ಆಕಾರದ ಅಲೆಯನ್ನು ಸರ್ಕ್ಯೂಟಿನ ಒಂದು ತುದಿಗೆ ಕೊಟ್ಟು ಇನ್ನೊಂದು ತುದಿಯಲ್ಲಿ ಏನು ಬಂತೆಂದು ನೋಡುವುದಕ್ಕೆ ಇರುವ ಪೆಟ್ಟಿಗೆ ಅದು. ಅದನ್ನು ಆನ್ ಮಾಡಿ ಗುಂಡಿ ತಿರುಗಿಸುವುದನ್ನು ಐದು ನಿಮಿಷದಲ್ಲಿ ಕಲಿಸಬಹುದು. ಆದರೆ ಆ ‘ಗೊತ್ತಿರುವ’ ಎಂಬ ಮಾತು ಯಾವಾಗ ನಿಜ, ಯಾವಾಗ ಬರೀ ನಮ್ಮ ಊಹೆ ಎಂದು ತಿಳಿಯಲು ನನಗೆ ಈ ಮೂರೂ ಊರುಗಳು ಬೇಕಾದವು.

ಎಲ್ಲಕ್ಕಿಂತ ಹೆಚ್ಚು ಸಲ ನೋಡಿದ ಗೊಂದಲದಿಂದಲೇ ಶುರು ಮಾಡುತ್ತೇನೆ. ಹೊಸ ಬ್ಯಾಚಿನಲ್ಲಿ ಯಾರಾದರೊಬ್ಬರು ಜನರೇಟರಿನ ಔಟ್‌ಪುಟ್ಟಿಗೆ ನೇರವಾಗಿ 8 ಓಮಿನ ಸ್ಪೀಕರ್ ಹಾಕಿ, ‘ಸಾ, ಎರಡು ವೋಲ್ಟ್ ಇಟ್ಟಿದೀನಿ, ಸೌಂಡೇ ಬರ್ತಿಲ್ಲ’ ಎಂದು ಬರುತ್ತಾರೆ. ಜನರೇಟರ್ ಕೆಟ್ಟಿರುವುದಿಲ್ಲ. ಅದರ ಒಳಗೆ, ಔಟ್‌ಪುಟ್ಟಿಗೆ ಸರಣಿಯಾಗಿ, 50 ಓಮಿನ ರೆಸಿಸ್ಟೆನ್ಸ್ ಇರುತ್ತದೆ. ಹೊರಗೆ 8 ಓಮ್ ಹಾಕಿದರೆ ಎರಡು ವೋಲ್ಟಿನಲ್ಲಿ 58ಕ್ಕೆ 8 ಪಾಲು ಮಾತ್ರ ಸ್ಪೀಕರಿಗೆ ದಕ್ಕುತ್ತದೆ, ಅಂದರೆ ಕಾಲು ವೋಲ್ಟಿಗಿಂತ ತುಸು ಹೆಚ್ಚು. ಉಳಿದದ್ದೆಲ್ಲ ಪೆಟ್ಟಿಗೆಯ ಒಳಗಿನ 50 ಓಮಿನ ಮೇಲೆಯೇ ಉಳಿಯುತ್ತದೆ. ಹೊರಗೆ ಸರಿಯಾಗಿ 50 ಓಮ್ ಇದ್ದರೆ ಅರ್ಧ ಬರುತ್ತದೆ. ಅಲೆಯನ್ನು ಪರದೆಯ ಮೇಲೆ ತೋರಿಸುವ ಸಿಆರ್‌ಒ (ಆಸಿಲೋಸ್ಕೋಪ್) ತರಹ ಲಕ್ಷಗಟ್ಟಲೆ ಓಮಿನ ಇನ್‌ಪುಟ್ ಆದರೆ ಪೂರ್ತಿ ಬರುತ್ತದೆ.

ಈಗಿನ ಡಿಜಿಟಲ್ ಜನರೇಟರುಗಳಲ್ಲಿ ಈ ವಿಷಯ ಇನ್ನೂ ಸೂಕ್ಷ್ಮ. ಎಷ್ಟೋ ಮಾಡೆಲುಗಳು ಹೊರಗೆ 50 ಓಮಿನ ಲೋಡ್ ಇದೆಯೆಂದು ಭಾವಿಸಿಕೊಂಡೇ ಪರದೆಯ ಮೇಲೆ ಅಂಕಿ ತೋರಿಸುತ್ತವೆ. ಪರದೆಯಲ್ಲಿ 1 ವೋಲ್ಟ್, ಸಿಆರ್‌ಒದಲ್ಲಿ 2 ವೋಲ್ಟ್. ಮೆನುವಿನಲ್ಲಿ ಲೋಡ್ ಎಂಬ ಸೆಟ್ಟಿಂಗ್ ಹುಡುಕಿ ‘ಹೈ ಝಡ್’ ಎಂದು ಬದಲಿಸಿದರೆ ಎರಡೂ ಕೂಡಿಕೊಳ್ಳುತ್ತವೆ. ಆ ಸೆಟ್ಟಿಂಗ್ ಬದಲಾಯಿಸಿದರೆ ಹೊರಬರುವ ಸಿಗ್ನಲ್ಲಿನಲ್ಲಿ ಏನೂ ಬದಲಾಗುವುದಿಲ್ಲ, ಪರದೆಯ ಲೆಕ್ಕ ಮಾತ್ರ ಬದಲಾಗುತ್ತದೆ. ಇದನ್ನು ಮಕ್ಕಳಿಗೆ ತೋರಿಸಿದಾಗ ಅವರ ಮುಖದಲ್ಲಿ ಕಾಣುವ ಅಚ್ಚರಿ ನನಗೆ ಬಹಳ ಇಷ್ಟ. ಪರದೆಯ ಅಂಕಿಯನ್ನು ಪ್ರಶ್ನಿಸಬಹುದು ಎಂಬುದು ಆ ಕ್ಷಣದಲ್ಲಿ ಅವರಿಗೆ ಹೊಳೆಯುತ್ತದೆ.

ಆರ್‌ಸಿ ಕಪಲ್ಡ್ ಆಂಪ್ಲಿಫೈಯರ್ ಪ್ರಯೋಗ ಮಾಡದೆ ನಮ್ಮ ಕಡೆ ಯಾರೂ ಎಲೆಕ್ಟ್ರಾನಿಕ್ಸ್ ದಾಟುವುದಿಲ್ಲ. ಒಂದು ಟ್ರಾನ್ಸಿಸ್ಟರ್, 12 ವೋಲ್ಟ್ ಸಪ್ಲೈ, ನೂರರ ಆಸುಪಾಸಿನ ಗೇನ್. ಇದಕ್ಕೆ 20 ಮಿಲಿವೋಲ್ಟ್ ಕೊಟ್ಟರೆ 2 ವೋಲ್ಟ್ ಬರುತ್ತದೆ. 200 ಮಿಲಿವೋಲ್ಟ್ ಕೊಟ್ಟರೆ 20 ಬರಬೇಕು, ಆದರೆ ಸಪ್ಲೈಯೇ 12. ಅಲೆಯ ತಲೆ ಬುಡ ಎರಡೂ ಕತ್ತರಿಸಿಹೋಗುತ್ತವೆ. ಆದ್ದರಿಂದ ಚಿಕ್ಕ ಸಿಗ್ನಲ್ ಬೇಕು. ಚಿಕ್ಕದು ಬೇಕೆಂದು ಆಂಪ್ಲಿಟ್ಯೂಡ್ ಗುಂಡಿಯನ್ನು ಪೂರ್ತಿ ಕೆಳಕ್ಕಿಳಿಸಿ, ಕೊನೆಯ ಕೂದಲೆಳೆಯಷ್ಟು ಜಾಗದಲ್ಲಿ ಒದ್ದಾಡುವುದನ್ನು ನಾನು ಪ್ರತಿ ವರ್ಷ ನೋಡುತ್ತೇನೆ. ಅಲ್ಲಿ ಗುಂಡಿ ನಿಲ್ಲುವುದಿಲ್ಲ, ಗೊರಗೊರ ಸದ್ದೂ ಸೇರಿಕೊಳ್ಳುತ್ತದೆ. ಪಕ್ಕದಲ್ಲೇ ಅಟೆನ್ಯುಯೇಟರ್ ಬಟನ್‌ಗಳಿರುತ್ತವೆ. 20 ಡೆಸಿಬೆಲ್ ಒತ್ತಿದರೆ ವೋಲ್ಟೇಜ್ ಹತ್ತನೇ ಒಂದು ಪಾಲು, 40 ಆದರೆ ನೂರನೇ ಒಂದು ಪಾಲು. 40 ಒತ್ತಿ, ಗುಂಡಿಯನ್ನು ಆರಾಮವಾಗಿ ಮಧ್ಯಕ್ಕೆ ತಂದರೆ 20 ಮಿಲಿವೋಲ್ಟ್ ಕದಲದೆ ನಿಲ್ಲುತ್ತದೆ.

ಇದೇ ಪ್ರಯೋಗದಲ್ಲಿ ಇನ್ನೊಂದು ಮೋಸ ಅಡಗಿದೆ. ನೂರು ಹರ್ಟ್ಸ್‌ನಿಂದ 1 ಮೆಗಾಹರ್ಟ್ಸ್‌ವರೆಗೆ ಹೋಗುತ್ತಾ ಔಟ್‌ಪುಟ್ ಬರೆದುಕೊಳ್ಳುತ್ತಾರೆ, ಇನ್‌ಪುಟ್ ಮೊದಲು ಇಟ್ಟಷ್ಟೇ ಇದೆಯೆಂದು ನಂಬಿರುತ್ತಾರೆ. ರೇಂಜ್ ಬದಲಿಸಿದಾಗ ಜನರೇಟರಿನ ಮಟ್ಟವೂ ಸ್ವಲ್ಪ ಬದಲಾಗಬಹುದು. ಸಿಆರ್‌ಒದ ಒಂದನೇ ಚಾನೆಲ್ ಸದಾ ಇನ್‌ಪುಟ್ ಮೇಲೆಯೇ ಇರಲಿ ಎಂದು ನಾನು ಹಟ ಹಿಡಿಯುವುದು ಅದಕ್ಕೆ. ಇನ್ನು ಎರಡನೇ ಚಾನೆಲ್ಲಿನ ಕೇಬಲ್: ಸಾದಾ ಬಿಎನ್‌ಸಿ ಕೇಬಲ್ಲಿಗೆ ಮೀಟರಿಗೆ ಸುಮಾರು 100 ಪಿಕೊಫ್ಯಾರಡ್ ಕೆಪಾಸಿಟೆನ್ಸ್ ಇರುತ್ತದೆ. 1 ಮೆಗಾಹರ್ಟ್ಸ್‌ನಲ್ಲಿ ಅದು ಬರೀ 1,600 ಓಮಿನ ಲೋಡ್ ಇದ್ದಂತೆ. ಟ್ರಾನ್ಸಿಸ್ಟರಿನ ಕಲೆಕ್ಟರಿಗೆ ಅದೇನೂ ಹಗುರವಾದ ಭಾರವಲ್ಲ. ಎಷ್ಟೋ ರೆಕಾರ್ಡ್ ಪುಸ್ತಕಗಳಲ್ಲಿ ಆಂಪ್ಲಿಫೈಯರಿನ ಮೇಲಿನ ಕಟಾಫ್ ಎಂದು ಬರೆದಿರುವುದರಲ್ಲಿ ಕೇಬಲ್ಲಿನ ಪಾಲೂ ದೊಡ್ಡದಾಗಿರುತ್ತದೆ. ಹತ್ತು ಪಟ್ಟಿನ ಪ್ರೋಬ್ ಹಾಕಿ ಅದೇ ಬಿಂದುವನ್ನು ಮತ್ತೆ ಅಳೆಸಿದರೆ ವಿದ್ಯಾರ್ಥಿಗೆ ಬೇರೆ ವಿವರಣೆ ಬೇಕಾಗುವುದಿಲ್ಲ.

ಮದ್ದೂರಿನ ಅಂಗಡಿಯ ಜನರೇಟರ್ ಬೇರೆ ಜಾತಿಯದು, ಆರ್‌ಎಫ್ ಜನರೇಟರ್. ಮೀಡಿಯಂ ವೇವ್ ರೇಡಿಯೊ ಟ್ಯೂನ್ ಮಾಡುವುದೇ ಅದರ ದಿನದ ಕೆಲಸ. ಊರಿನ ಜನ ರೇಡಿಯೊ ತಂದು, ‘ಬೆಂಗಳೂರು ಸ್ಟೇಷನ್ ಎಲ್ಲೋ ಒಂದ್ ಕಡೆ ಬತ್ತದೆ ಕಣಣ್ಣ, ಮುಳ್ಳು ಇನ್ನೊಂದ್ ಕಡೆ ಇರ್ತದೆ’ ಎನ್ನುತ್ತಿದ್ದರು. ಆಕಾಶವಾಣಿ ಬೆಂಗಳೂರಿನ 612 ಕಿಲೋಹರ್ಟ್ಸ್ ಎಲ್ಲರ ಅಳತೆಗೋಲು. ಅಂಗಡಿಯ ಹಿರಿಯರು ಮೊದಲು ಜನರೇಟರನ್ನು 455 ಕಿಲೋಹರ್ಟ್ಸ್‌ಗೆ ಇಟ್ಟು ಐಎಫ್ ಟ್ರಾನ್ಸ್‌ಫಾರ್ಮರುಗಳನ್ನು (ಐಎಫ್‌ಟಿ) ಕೂಡಿಸುತ್ತಿದ್ದರು, ಡಿಟೆಕ್ಟರ್ ಕಡೆಯಿಂದ ಹಿಂದಕ್ಕೆ ಒಂದೊಂದಾಗಿ, ಪ್ಲಾಸ್ಟಿಕ್ ಸ್ಕ್ರೂಡ್ರೈವರಿನಲ್ಲಿ. ಕಬ್ಬಿಣದ ಸ್ಕ್ರೂಡ್ರೈವರ್ ಹತ್ತಿರ ಬಂದರೇ ಕಾಯಿಲಿನ ಇಂಡಕ್ಟೆನ್ಸ್ ಬದಲಾಗಿ, ಕೈ ತೆಗೆದ ಕೂಡಲೇ ಎಲ್ಲ ಸರಿದುಬಿಡುತ್ತದೆ. ಆಮೇಲೆ 600ರಲ್ಲಿ ಆಸಿಲೇಟರ್ ಕಾಯಿಲ್, 1400ರಲ್ಲಿ ಟ್ರಿಮ್ಮರ್, ಮತ್ತೆ 600, ಮತ್ತೆ 1400. ಒಂದನ್ನು ಸರಿಮಾಡಿದರೆ ಇನ್ನೊಂದು ಸ್ವಲ್ಪ ಅಲುಗುವುದರಿಂದ ಎರಡೂ ಕಡೆ ಮುಳ್ಳು ಕೂಡುವ ತನಕ ಓಡಾಡಲೇಬೇಕು.

ಅವರ ಕೈಯಲ್ಲಿ ನಾನು ಕಂಡ ದೊಡ್ಡ ಪಾಠ ಫ್ರೀಕ್ವೆನ್ಸಿಯದಲ್ಲ. ಐಎಫ್‌ಟಿ ಸರಿಹೊಂದುತ್ತಾ ಸದ್ದು ಏರಿದಂತೆಲ್ಲ ಅವರು ಜನರೇಟರಿನ ಮಟ್ಟವನ್ನು ಇಳಿಸುತ್ತಲೇ ಹೋಗುತ್ತಿದ್ದರು. ‘ಕಿವಿಗೆ ಕಷ್ಟ ಆಗೋ ಅಷ್ಟೇ ಕೊಡಪ್ಪ, ಆವಾಗ ಪೀಕ್ ಗೊತ್ತಾಯ್ತದೆ’ ಎನ್ನುತ್ತಿದ್ದರು. ಕಾರಣ ರೇಡಿಯೊದ ಒಳಗಿರುವ ಎಜಿಸಿ. ಬಲವಾದ ಸ್ಟೇಷನ್ ಬಂದಾಗ ಗೇನ್ ತಗ್ಗಿಸಿ, ದುರ್ಬಲವಾದದ್ದು ಬಂದಾಗ ಹೆಚ್ಚಿಸಿ, ಕೇಳುಗರಿಗೆ ಒಂದೇ ಸಮ ಸದ್ದು ಕೊಡುವುದು ಅದರ ಕೆಲಸ. ಜೋರಾದ ಸಿಗ್ನಲ್ ಕೊಟ್ಟು ಸ್ಕ್ರೂ ತಿರುಗಿಸಿದರೆ, ಸರಿಯಾದ ಜಾಗ ಬಂದಷ್ಟೂ ಎಜಿಸಿ ಅದನ್ನು ಅದುಮುತ್ತದೆ; ಶಿಖರವೆಲ್ಲ ಚಪ್ಪಟೆಯಾಗಿ, ಎಲ್ಲಿ ತಿರುಗಿಸಿದರೂ ಒಂದೇ ರೀತಿ ಕೇಳುತ್ತದೆ. ಸಣ್ಣ ಸಿಗ್ನಲ್ಲಿಗೆ ಎಜಿಸಿ ಎಚ್ಚರವಾಗುವುದಿಲ್ಲ, ಶಿಖರ ಚೂಪಾಗಿಯೇ ಉಳಿಯುತ್ತದೆ. ಉಪಕರಣದ ಶಕ್ತಿ ಹೆಚ್ಚಿದ್ದರೆ ಅಳತೆ ಸುಲಭ ಎಂದು ನಂಬಿದ್ದ ನನ್ನ ವಯಸ್ಸಿನ ಹುಡುಗರಿಗೆ ಅದೊಂದು ಹೊಸ ಲೋಕವೇ ಆಗಿತ್ತು.

ಆ ಅಂಗಡಿಯಲ್ಲಿ ಹಳೆಯ ವಾಲ್ವ್ ಸೆಟ್ಟುಗಳೂ ಬರುತ್ತಿದ್ದವು. ಅವುಗಳಲ್ಲಿ ಎಸಿ-ಡಿಸಿ ಎನ್ನುವ ಬಗೆ ಅಪಾಯದ್ದು. ಟ್ರಾನ್ಸ್‌ಫಾರ್ಮರ್ ಇಲ್ಲದೆ ಮೇನ್ಸ್‌ನ ಒಂದು ತಂತಿ ನೇರವಾಗಿ ಚಾಸಿಗೇ ಸೇರಿರುತ್ತದೆ. ಪ್ಲಗ್ ತಿರುಗಿ ಕೂತಿದ್ದರೆ ಚಾಸಿಯೇ ಫೇಸ್. ಅದಕ್ಕೆ ಜನರೇಟರಿನ ಕಪ್ಪು ಕ್ಲಿಪ್ ಹಾಕಿದರೆ ಫೇಸ್ ಮತ್ತು ಅರ್ಥ್ ನೇರ ಕೂಡಿಬಿಡುತ್ತವೆ. ಅಂಥ ಸೆಟ್ ಬಂದ ದಿನ ಹಿರಿಯರು ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಹೊರತೆಗೆಯದೆ ಕವಚ ಬಿಚ್ಚಲು ಬಿಡುತ್ತಿರಲಿಲ್ಲ.

ಅರ್ಥಿಂಗ್ ವಿಷಯಕ್ಕೆ ಮಳವಳ್ಳಿಯ ಲ್ಯಾಬ್ ನನ್ನ ನಿಜವಾದ ಪಾಠಶಾಲೆ. ಬೇಸಿಗೆಯಲ್ಲಿ ಅರ್ಥಿಂಗ್ ಗುಂಡಿ ಒಣಗಿದರೆ ಉಪಕರಣ ಮುಟ್ಟಿದ ಬೆರಳು ಜುಮ್ಮೆನ್ನುತ್ತಿತ್ತು. ಫಿಲ್ಟರ್ ಕೆಪಾಸಿಟರುಗಳು ಫೇಸಿನಿಂದ ಹೊರಮೈಗೂ ನ್ಯೂಟ್ರಲ್ಲಿನಿಂದ ಹೊರಮೈಗೂ ಇರುವುದರಿಂದ ಅರ್ಥ್ ಬಿಟ್ಟುಹೋದ ಉಪಕರಣದ ಹೊರಮೈ 230ರ ಅರ್ಧದಷ್ಟು ವೋಲ್ಟೇಜಿಗೆ ಏರಿ ಕೂರಬಲ್ಲದು. ಕರೆಂಟು ಅಲ್ಪ, ಆದರೆ ಸರ್ಕ್ಯೂಟಿನಲ್ಲಿರುವ ಸೂಕ್ಷ್ಮ ಐಸಿಗೆ ಅಷ್ಟು ಸಾಕು. ಗುಂಡಿಗೆ ನೀರು ಹಾಕುವುದು ಲ್ಯಾಬಿನ ಕೆಲಸದ ಭಾಗ ಎಂದು ನಾನು ಅಲ್ಲಿಂದಲೇ ಎಣಿಸಿದ್ದು.

ಅರ್ಥ್ ಸರಿಯಿದ್ದಾಗಲೂ ಒಂದು ವಿಷಯ ನೆನಪಿರಬೇಕು. ಜನರೇಟರಿನ ಕಪ್ಪು ಕ್ಲಿಪ್ಪೂ ಸಿಆರ್‌ಒದ ಕಪ್ಪು ಕ್ಲಿಪ್ಪೂ ಮೂರು ಪಿನ್ನಿನ ಮೂಲಕ ಗೋಡೆಯ ಹಿಂದೆ ಒಂದಾಗಿವೆ. ಕಲೆಕ್ಟರ್ ರೆಸಿಸ್ಟರಿನ ಮೇಲಿನ ವೋಲ್ಟೇಜ್ ನೋಡಬೇಕೆಂದು ಸಿಆರ್‌ಒದ ಕಪ್ಪು ಕ್ಲಿಪ್ಪನ್ನು ಕಲೆಕ್ಟರಿಗೆ ಸಿಕ್ಕಿಸಿದರೆ ಕಲೆಕ್ಟರ್ ನೆಲಕ್ಕೆ ಶಾರ್ಟ್. ಇದಕ್ಕೆ ಪರಿಹಾರ ಎರಡು ಚಾನೆಲ್ ಬಳಸಿ ಒಂದರಿಂದ ಇನ್ನೊಂದನ್ನು ಕಳೆಯುವುದು. ಪ್ಲಗ್ಗಿನ ಅರ್ಥ್ ಪಿನ್ ಕತ್ತರಿಸುವ ಅಡ್ಡದಾರಿಯನ್ನು ಬಲ್ಲವರೂ ಹಿಡಿಯುತ್ತಾರೆ. ನಾನು ಎಂದೂ ಒಪ್ಪಿಲ್ಲ, ಒಪ್ಪುವುದೂ ಇಲ್ಲ.

ಜೋಡಿಸುವ ಕ್ರಮವೂ ಅಷ್ಟೇ ಮುಖ್ಯ. ಆಫ್‌ಸೆಟ್ ಸೊನ್ನೆ, ಆಂಪ್ಲಿಟ್ಯೂಡ್ ಕನಿಷ್ಠ, ಮೊದಲು ಸಿಆರ್‌ಒದಲ್ಲಿ ಅಲೆ ನೋಡು, ಆಮೇಲೆ ಸರ್ಕ್ಯೂಟಿಗೆ ಸಪ್ಲೈ ಕೊಡು, ಕೊನೆಗೆ ಸಿಗ್ನಲ್. ಮುಗಿಸುವಾಗ ಇದರ ತಿರುವುಮುರುವು. ಸಪ್ಲೈ ಇಲ್ಲದ ಐಸಿಗೆ ಸಿಗ್ನಲ್ ಕೊಟ್ಟರೆ ಅದು ಇನ್‌ಪುಟ್ಟಿನ ರಕ್ಷಣಾ ಡಯೋಡುಗಳ ಮೂಲಕ ನುಗ್ಗಿ ಐಸಿಯನ್ನು ಅರ್ಧಂಬರ್ಧ ಎಬ್ಬಿಸುತ್ತದೆ.

ಫ್ರೀಕ್ವೆನ್ಸಿಯ ಕಥೆ ನಮ್ಮ ಜಿಲ್ಲೆಗೆ ವಿಶೇಷವಾಗಿ ಸೇರಿದ್ದು. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಿಂದ 1902ರಲ್ಲಿ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹೋಯಿತು, 1905ರಲ್ಲಿ ಬೆಂಗಳೂರಿನ ಬೀದಿಗೆ ದೀಪ ಬಂತು. ಆಗ ಅದು ಸೆಕೆಂಡಿಗೆ 25 ಸೈಕಲ್ಲಿನ ವಿದ್ಯುತ್. ಇಂದು ದೇಶಕ್ಕೆಲ್ಲ 50. ಹಳೆಯ ಡಯಲ್ ಜನರೇಟರುಗಳನ್ನು ಪರೀಕ್ಷಿಸಲು ನಾವು ಈ ಮೇನ್ಸನ್ನೇ ಬಳಸುತ್ತಿದ್ದೆವು. ಚಿಕ್ಕ ಟ್ರಾನ್ಸ್‌ಫಾರ್ಮರಿನಿಂದ ಬಂದ ಮೇನ್ಸ್ ಅಲೆಯನ್ನು ಸಿಆರ್‌ಒದ ಅಡ್ಡಕ್ಕೂ ಜನರೇಟರನ್ನು ಉದ್ದಕ್ಕೂ ಕೊಟ್ಟರೆ ಲಿಸಾಜು ಚಿತ್ರ ಮೂಡುತ್ತದೆ. ಜನರೇಟರ್ ಸರಿಯಾಗಿ ಎರಡು ಪಟ್ಟಿದ್ದಾಗ ಮಲಗಿಸಿದ ಎಂಟರ ಆಕಾರ ಅಲುಗದೆ ನಿಲ್ಲುತ್ತದೆ, ಸ್ವಲ್ಪ ಹೆಚ್ಚುಕಡಿಮೆಯಾದರೆ ಉರುಳುತ್ತದೆ.

ಒಂದು ಬೇಸಿಗೆ ಆ ಎಂಟು ನಿಂತದ್ದು ಡಯಲ್ 98 ತೋರಿಸುವಾಗ. ಡಯಲ್ಲೇ ತಪ್ಪು ಎಂದು ಎಲ್ಲರ ತೀರ್ಮಾನ. ಕ್ರಿಸ್ಟಲ್ ಇರುವ ಫ್ರೀಕ್ವೆನ್ಸಿ ಕೌಂಟರ್ ತಂದು ನೋಡಿದರೆ ಜನರೇಟರ್ ನಿಜವಾಗಿಯೂ 98 ಕೊಡುತ್ತಿತ್ತು. ಮೇನ್ಸ್ 49ಕ್ಕೆ ಇಳಿದಿತ್ತು. ಆ ಕಾಲದಲ್ಲಿ ದಕ್ಷಿಣದ ಗ್ರಿಡ್ ಪ್ರತ್ಯೇಕವಾಗಿತ್ತು, ಬೇಡಿಕೆಗೆ ಉತ್ಪಾದನೆ ಸಾಲದಾದಾಗ ಫ್ರೀಕ್ವೆನ್ಸಿ ಕುಸಿಯುತ್ತಿತ್ತು. 2013ರ ಡಿಸೆಂಬರ್ 31ರಂದು ರಾಯಚೂರು-ಸೊಲ್ಲಾಪುರದ 765 ಕಿಲೋವೋಲ್ಟ್ ಲೈನಿನ ಮೂಲಕ ದಕ್ಷಿಣವೂ ರಾಷ್ಟ್ರೀಯ ಗ್ರಿಡ್ಡಿಗೆ ಸೇರಿತು. ಇಂದು ಮಳವಳ್ಳಿಯಲ್ಲಿ ಪಂಪ್‌ಸೆಟ್ಟುಗಳು ಒಟ್ಟಿಗೆ ಓಡಿದಾಗ ವೋಲ್ಟೇಜ್ ಇಳಿಯಬಹುದು, ಆದರೆ ಫ್ರೀಕ್ವೆನ್ಸಿ ದೆಹಲಿಯಲ್ಲಿ ಎಷ್ಟಿದೆಯೋ ಇಲ್ಲೂ ಅಷ್ಟೇ, 50ರ ತೀರ ಸಮೀಪ. ಅಳತೆಗೋಲನ್ನೂ ಅಳೆಯಬೇಕಾಗುತ್ತದೆ ಎಂದು ಅಂದಿನಿಂದ ನನ್ನ ಲ್ಯಾಬಿನಲ್ಲಿ ಕೌಂಟರಿಗೆ ಮೊದಲ ಮೇಜಿನಲ್ಲಿ ಜಾಗ.

ಇನ್ನು ಅಲೆಯ ಎತ್ತರವನ್ನು ಹಿಡಿದಿಡಲು ಹಳೆಯ ಆಡಿಯೊ ಜನರೇಟರುಗಳ ಒಳಗೊಂದು ಪುಟ್ಟ ಬಲ್ಬ್ ಇರುತ್ತಿತ್ತು. 1939ರಲ್ಲಿ ಹ್ಯೂಲೆಟ್ ಮತ್ತು ಪ್ಯಾಕರ್ಡ್ ಪಾಲೊ ಆಲ್ಟೊದ ಗ್ಯಾರೇಜಿನಿಂದ ಆರಂಭಿಸಿದ ಕಂಪನಿಯ ಮೊದಲ ಸರಕಿನ ಜೀವಾಳವೂ ಅದೇ. ಅಲೆ ದೊಡ್ಡದಾದರೆ ಬಲ್ಬಿನ ತಂತಿ ಕಾಯುತ್ತದೆ, ಕಾದರೆ ರೆಸಿಸ್ಟೆನ್ಸ್ ಏರುತ್ತದೆ, ಏರಿದರೆ ಗೇನ್ ತಗ್ಗಿ ಅಲೆ ತನ್ನ ಅಳತೆಗೆ ಮರಳುತ್ತದೆ. ತಂತಿ ಕಾಯಲು, ಆರಲು ಹೊತ್ತು ಬೇಕು. ಅದಕ್ಕೇ ಇಂಥ ಜನರೇಟರಿನಲ್ಲಿ ಫ್ರೀಕ್ವೆನ್ಸಿ ಬದಲಿಸಿದ ಕೂಡಲೇ ಅಲೆ ಎದ್ದುಬಿದ್ದು ಆಮೇಲೆ ನಿಲ್ಲುತ್ತದೆ. ನಿಂತ ಮೇಲೆಯೇ ಬರೆಯಬೇಕು. ಕರೆಂಟ್ ಹೋಗಿ ಬಂದರೆ ಮತ್ತೆ ಅರ್ಧ ಗಂಟೆ ಬಿಸಿಯಾಗಲು ಬಿಡಬೇಕು.

1962ರಲ್ಲಿ ಕೆ.ವಿ. ಶಂಕರಗೌಡರ ಮುಂದಾಳತ್ವದಲ್ಲಿ ಮಂಡ್ಯಕ್ಕೆ ಪಿಇಎಸ್ ಇಂಜಿನಿಯರಿಂಗ್ ಕಾಲೇಜು ಬಂದಾಗಿನಿಂದ ಈ ಸೀಮೆಯ ರೈತರ ಮಕ್ಕಳ ಕೈಗೆ ಇಂಥ ಉಪಕರಣಗಳು ಸಿಕ್ಕಿವೆ. ಮನೆಗೆ ಹೋದ ಮೇಲೆ ಮಾತ್ರ ಏನೂ ಇರುವುದಿಲ್ಲ. ಮಳವಳ್ಳಿ ಕಡೆಯ ಒಬ್ಬ ವಿದ್ಯಾರ್ಥಿನಿ ಫೋನಿನ ಟೋನ್ ಜನರೇಟರ್ ಆಪ್ ಬಳಸಿ ಮನೆಯಲ್ಲೇ ಆಂಪ್ಲಿಫೈಯರ್ ಪರೀಕ್ಷಿಸಿದಳು. ವಾಲ್ಯೂಮ್ ಶೇಕಡಾ ಎಷ್ಟಿದ್ದರೂ ಅದು ವೋಲ್ಟ್ ಅಲ್ಲವೆಂದು ಅವಳಿಗೆ ತಿಳಿದಿತ್ತು. ಅಗ್ಗದ ಮಲ್ಟಿಮೀಟರಿನ ಎಸಿ ರೇಂಜ್ 200 ವೋಲ್ಟಿನಿಂದಲೇ ಶುರುವಾಗುವುದರಿಂದ ಒಳ್ಳೆಯ ಮೀಟರನ್ನು ಕಡ ತಂದಿದ್ದಳು. ಅಂಥ ಮೀಟರುಗಳನ್ನು ನಂಬಬಹುದಾದದ್ದು 400 ಹರ್ಟ್ಸ್‌ನ ಒಳಗೆ ಎಂದು ಅಲ್ಲಿಯೇ ಅಳೆದಳು. ಫೋನಿನಿಂದ ಬಂದದ್ದು 0.5 ವೋಲ್ಟ್; 10 ಕಿಲೋಓಮ್ ಮತ್ತು 100 ಓಮ್ ಸೇರಿಸಿ ತಾನೇ ಮಾಡಿಕೊಂಡ ಅಟೆನ್ಯುಯೇಟರಿನಿಂದ ಲೆಕ್ಕದ ಪ್ರಕಾರ 4.95 ಮಿಲಿವೋಲ್ಟ್. ಔಟ್‌ಪುಟ್ 0.48 ವೋಲ್ಟ್, ಗೇನ್ 97.

ಅದನ್ನೇ ಮಂಡ್ಯದ ಲ್ಯಾಬಿಗೆ ತಂದು ಆಂಪ್ಲಿಫೈಯರ್ ಜೋಡಿಸಿದ ಸ್ಥಿತಿಯಲ್ಲೇ ಬೇಸಿನ ಬಳಿ ಸಿಆರ್‌ಒದಲ್ಲಿ ನೋಡಿದೆವು. ಅಲ್ಲಿಗೆ ತಲುಪಿದ್ದದ್ದು ಸುಮಾರು 4.6 ಮಿಲಿವೋಲ್ಟ್. ಟ್ರಾನ್ಸಿಸ್ಟರಿನ ಇನ್‌ಪುಟ್ಟೇ ಅವಳ 100 ಓಮಿಗೆ ಸಮಾಂತರವಾಗಿ ಕೂತು ಉಳಿದದ್ದನ್ನು ತಗ್ಗಿಸಿತ್ತು. ಅವಳು 97ರ ಮೇಲೆ ಗೆರೆ ಎಳೆದು 104 ಎಂದು ಬರೆದು, ಪಕ್ಕದಲ್ಲಿ ಎಲ್ಲಿ ಅಳೆದದ್ದು ಎಂಬುದನ್ನೂ ಸೇರಿಸಿದಳು. ನಾನು ಸಹಿ ಹಾಕಿದೆ.